ತಗಡಿನ ಪಿಟೀಲು ಒಡೆದ ಹುಡುಗ, ಅವನ ತಂಗಿಯರು

ಕೇಳುಗರೇ, ನಮಸ್ಕಾರ.

ಸ್ಯಾನ್ ಫ್ರಾನ್ಸಿಸ್ಕೋದ ಪುಟ್ಟ ಹುಡುಗನೊಬ್ಬ ಪಿಟೀಲು ಬೇಕೆಂದು ಹಟ ಹಿಡಿದ. ಯಾರೋ ಅಕ್ಕರೆಯಿಂದ ತಗಡಿನ ಆಟಿಕೆಯೊಂದನ್ನು ತಂದುಕೊಟ್ಟರು. ಹುಡುಗ ಕಮಾನು ಎಳೆದು ನೋಡಿದ. ಅದು ಹಾಡಲಿಲ್ಲ. ಅಳುತ್ತ ಅದನ್ನು ನೆಲಕ್ಕೆ ಅಪ್ಪಳಿಸಿಬಿಟ್ಟ. ಆಮೇಲೆ ಪ್ಯಾಲೆಸ್ಟೈನ್‌ನಲ್ಲಿದ್ದ ಅಜ್ಜಿ ಕಳಿಸಿದ ಹಣದಿಂದ ಮನೆಗೆ ನಿಜವಾದ ಪಿಟೀಲು ಬಂತು.

ಆ ಹುಡುಗ ಮುಂದೆ ಜಗತ್ತೇ ಹೊಗಳಿದ ಪಿಟೀಲು ವಾದಕ ಯೆಹೂದಿ ಮೆನುಹಿನ್. ಹುಟ್ಟಿದ್ದು 1916ರ ಏಪ್ರಿಲ್ 22ರಂದು, ನ್ಯೂಯಾರ್ಕಿನಲ್ಲಿ. ತಂದೆ ಮೋಶೆ, ತಾಯಿ ಮರೂತಾ. ಇಬ್ಬರೂ ರಷ್ಯಾ ಸಾಮ್ರಾಜ್ಯದಿಂದ ಬಂದ ಯಹೂದಿಗಳು. ಬಸುರಿಯಾಗಿದ್ದ ಮರೂತಾ ಗಂಡನೊಡನೆ ಬಾಡಿಗೆ ಮನೆ ನೋಡಲು ಹೋದಾಗ ಮನೆಯೊಡತಿ, ಯಹೂದಿಗಳಿಗೆ ನಾನು ಮನೆ ಕೊಡುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಂಡಳಂತೆ. ಹುಟ್ಟುವ ಮಗುವಿನ ಹೆಸರಿನಲ್ಲೇ ಕುಲ ಸಾರುತ್ತೇನೆಂದು ತಾಯಿ ಅಲ್ಲೇ ನಿಶ್ಚಯಿಸಿದಳು. ಯೆಹೂದಿ ಎಂದರೆ ಯಹೂದಿ ಎಂದೇ ಅರ್ಥ. ಇಂಥ ತಾಯಿಯ ಮನೆಯಲ್ಲಿ ಯಾವುದೂ ಅರೆಮನಸ್ಸಿನಿಂದ ನಡೆಯುವಂತಿರಲಿಲ್ಲ.

ಹುಡುಗ ಶಾಲೆಗೆ ಹೋದದ್ದು ಒಂದೇ ಒಂದು ದಿನ. ತಂಗಿ ಹೆಫ್ಜಿಬಾ ಐದು ದಿನ ಹೋದಳು. ಓದಿನಲ್ಲಿ ಹಿಂದುಳಿದವಳೆಂದು ಶಾಲೆಯವರು ತೀರ್ಪು ಕೊಟ್ಟರು. ತಂದೆತಾಯಿ ಅವಳನ್ನೂ ಬಿಡಿಸಿ ಮನೆಯಲ್ಲೇ ಕಲಿಸಿದರು. ಕಡೆಯವಳು ಯಾಲ್ಟಾ. ಮನೆಯ ದಿನಚರಿಯೆಲ್ಲ ಅಣ್ಣನ ಪಿಟೀಲಿನ ಸುತ್ತಲೇ ಸುತ್ತುತ್ತಿತ್ತು. ಆದರೆ ತಂಗಿಯರ ಬೆರಳೂ ಪಿಯಾನೋ ಮೇಲೆ ಸುಮ್ಮನಿರಲಿಲ್ಲ. ಪ್ಯಾರಿಸ್ಸಿನ ಪಿಯಾನೋ ಗುರು ಮಾರ್ಸೆಲ್ ಸಿಯಾಂಪಿ ಈ ಮಕ್ಕಳ ಕೈ ನೋಡಿ, ಮೆನುಹಿನ್ ತಾಯಿಯ ಗರ್ಭವೇ ಒಂದು ಸಂಗೀತಶಾಲೆ ಎಂದು ಬೆರಗಾದರು.

1927ರ ನವೆಂಬರಿನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಹನ್ನೊಂದು ವರ್ಷದ ಯೆಹೂದಿ ಬೀಥೋವನ್ ಕನ್ಚೆರ್ಟೊ, ಅಂದರೆ ವಾದ್ಯವೃಂದದೊಡನೆ ಒಬ್ಬ ಮುಖ್ಯ ವಾದಕ ನುಡಿಸುವ ಕೃತಿಯನ್ನು, ನುಡಿಸಿದ. ಬಿರಡೆ ತಿರುಗಿಸುವಷ್ಟು ಕಸುವು ಬೆರಳಿಗಿರಲಿಲ್ಲ. ಶ್ರುತಿ ಮಾಡಿಕೊಡಿರೆಂದು ಪಿಟೀಲನ್ನು ವಾದ್ಯವೃಂದದ ಹಿರಿಯ ವಾದಕರ ಕೈಗೆ ಕೊಟ್ಟ. ತಾನೇ ಶ್ರುತಿ ಮಾಡಲಾಗದ ಆ ಮಗು ನುಡಿಸಿದ್ದನ್ನು ಕೇಳಿ ಸಭೆ ಎದ್ದು ನಿಂತಿತು. ಎರಡು ವರ್ಷಕ್ಕೆ ಬರ್ಲಿನ್‌ನಲ್ಲಿ ಬಾಕ್, ಬೀಥೋವನ್, ಬ್ರಾಮ್ಸ್, ಮೂವರ ಕನ್ಚೆರ್ಟೊಗಳನ್ನೂ ಒಂದೇ ಸಂಜೆ ನುಡಿಸಿದ. 1932ರಲ್ಲಿ ಇಂಗ್ಲೆಂಡಿನ ಸಂಗೀತ ರಚನಕಾರ ಎಲ್ಗರ್ ಸ್ವತಃ ವಾದ್ಯವೃಂದವನ್ನು ನಡೆಸುತ್ತಿರಲು ಅವರ ಕನ್ಚೆರ್ಟೊ ಧ್ವನಿಮುದ್ರಣವಾಯಿತು. ಆಗ ಸಂಗೀತಕಾರನಿಗೆ ಎಪ್ಪತ್ತೈದು, ಹುಡುಗನಿಗೆ ಹದಿನಾರು.

ನನಗೆ ಈ ಕಥೆಯಲ್ಲಿ ಮನಸ್ಸು ನಿಲ್ಲುವುದು 1938ರಲ್ಲಿ. ಆ ಒಂದೇ ವರ್ಷದಲ್ಲಿ ಮೂವರು ಮಕ್ಕಳೂ ಮದುವೆಯಾದರು. ಯೆಹೂದಿ ಆಸ್ಟ್ರೇಲಿಯಾದ ನೋಲಾ ನಿಕೊಲಾಸ್‌ಳನ್ನು ಮದುವೆಯಾದ. ಹೆಫ್ಜಿಬಾ ನೋಲಾಳ ಅಣ್ಣ ಲಿಂಡ್ಸೆಯನ್ನು. ನಮ್ಮಲ್ಲಿ ಕೊಟ್ಟು ತರುವ ಸಂಬಂಧ ಎನ್ನುತ್ತೇವಲ್ಲ, ಹಾಗೆ. ಪ್ಯಾರಿಸ್ಸಿನಲ್ಲಿ ಅಣ್ಣನ ಜೊತೆ ನುಡಿಸಿ ಹೆಸರು ಮಾಡಿದ್ದ ಹುಡುಗಿ ವಿಕ್ಟೋರಿಯಾ ಪ್ರಾಂತದ ಕುರಿಸಾಕಣೆಯ ನಡುವೆ ಸಂಸಾರ ಹೂಡಿದಳು. ಯಾಲ್ಟಾಳಿಗೆ ಇನ್ನೂ ಹದಿನಾರು. ಹೊರಗೆ ಕಾಲಿಡಲು ಮೂವರಿಗೂ ಸಿಕ್ಕ ಬಾಗಿಲು ಅದೊಂದೇ ಎಂದು ನನಗೆ ಅನ್ನಿಸುತ್ತದೆ. ಆ ಮೊದಲ ಮದುವೆಗಳಲ್ಲಿ ಒಂದೂ ಕಡೆಯವರೆಗೆ ಉಳಿಯಲಿಲ್ಲ.

ಯುದ್ಧಕಾಲದಲ್ಲಿ ಯೆಹೂದಿ ಸೈನಿಕರಿಗಾಗಿ ಐನೂರಕ್ಕೂ ಹೆಚ್ಚು ಕಛೇರಿ ನಡೆಸಿದರು. 1945ರಲ್ಲಿ ಇಂಗ್ಲಿಷ್ ಸಂಗೀತ ರಚನಕಾರ ಬೆಂಜಮಿನ್ ಬ್ರಿಟನ್ ಜೊತೆ ಜರ್ಮನಿಯಲ್ಲಿ ನಾಜಿಗಳು ನಡೆಸಿದ್ದ ಬೆಲ್ಸನ್ ಸೆರೆಶಿಬಿರಕ್ಕೆ ಹೋಗಿ, ಸಾವಿನ ಬಾಯಿಂದ ಉಳಿದವರ ಮುಂದೆ ನುಡಿಸಿದರು. ಆ ಹೊತ್ತಿಗೆ ಕೈ ಮೊದಲಿನಂತೆ ಮಾತು ಕೇಳುತ್ತಿರಲಿಲ್ಲ. ಮಗುವಾಗಿದ್ದಾಗ ಹೇಗೆ ಎಂದು ಕೇಳದೆಯೇ ಬಂದದ್ದು, ಹೇಗೆ ಎಂದು ಕೇಳಿಕೊಂಡಾಗ ಕೈಬಿಟ್ಟಿತು. ಜಗತ್ತೇ ಹೊಗಳಿದ ವಾದಕರು ಕಮಾನು ಹಿಡಿಯುವುದನ್ನು ಮೊದಲಿನಿಂದ ಕಲಿಯಲು ಕೂತರು. ಬಾಲ್ಯದಲ್ಲಿ ಸಿಕ್ಕ ಚಪ್ಪಾಳೆಗಿಂತ ಈ ಕೂರುವಿಕೆ ನನಗೆ ದೊಡ್ಡದು.

1952ರಲ್ಲಿ ಅವರು ಭಾರತಕ್ಕೆ ಬಂದರು. ಮುಂಬಯಿಯಲ್ಲಿ ಅವರನ್ನು ಕಾಣಲು ಬಂದವರು ನಮ್ಮ ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಯೋಗ ಕಲಿತ ಬಿ.ಕೆ.ಎಸ್. ಅಯ್ಯಂಗಾರ್. ದಣಿದಿದ್ದ ಮೆನುಹಿನ್ ಅವರಿಗೆ ಕೊಡಲು ಐದೇ ನಿಮಿಷವಿತ್ತು. ಅಯ್ಯಂಗಾರರು ಮಲಗಿಸಿ, ಉಸಿರು ಸಡಿಲಿಸಿ, ಕಣ್ಣು ಮುಚ್ಚಿಸಿದರು. ಮೆನುಹಿನ್ ನಿದ್ದೆಹೋದರು, ಎಚ್ಚರವಾಗುವ ಹೊತ್ತಿಗೆ ಗಂಟೆಯೇ ಸರಿದಿತ್ತು. ಮುಂದೆ ಅಯ್ಯಂಗಾರರನ್ನು ಯೂರೋಪಿಗೆ ಕರೆಸಿಕೊಂಡು, ಒಂದು ಕೈಗಡಿಯಾರ ಕೊಟ್ಟರು. ಅದರ ಹಿಂದೆ ಕೆತ್ತಿಸಿದ್ದರು: ನನ್ನ ಅತ್ಯುತ್ತಮ ಪಿಟೀಲು ಗುರುವಿಗೆ.

ಅಯ್ಯಂಗಾರರು ಪಿಟೀಲು ಹಿಡಿದವರಲ್ಲ.

1963ರಲ್ಲಿ ಮೆನುಹಿನ್ ಇಂಗ್ಲೆಂಡಿನಲ್ಲಿ ಸಂಗೀತದ ಮಕ್ಕಳಿಗಾಗಿ ಶಾಲೆ ತೆರೆದರು. ಅಲ್ಲಿ ವಾದ್ಯದ ಜೊತೆಗೆ ಓದು ಇತ್ತು, ವಾರಿಗೆಯ ಗೆಳೆಯರಿದ್ದರು. ಒಂದೇ ದಿನ ಶಾಲೆಯ ಮೆಟ್ಟಿಲು ಹತ್ತಿದ್ದ ಹುಡುಗ ಕಟ್ಟಿದ ಶಾಲೆ ಅದು.

ಹೆಫ್ಜಿಬಾ ಲಂಡನ್ನಿಗೆ ಬಂದು ನೆಲೆಸಿ ಮತ್ತೆ ಅಣ್ಣನ ಪಕ್ಕದಲ್ಲಿ ಕೂತು ನುಡಿಸಿದರು. 1981ರ ಹೊಸ ವರ್ಷದ ದಿನ ತೀರಿಕೊಂಡರು. ಅಣ್ಣ 1999ರಲ್ಲಿ, ಬರ್ಲಿನ್‌ನಲ್ಲಿ. ಯಾಲ್ಟಾ ಇನ್ನೆರಡು ವರ್ಷ ಬದುಕಿದ್ದರು. ತಂದೆತಾಯಿಗೆ ಅವರು ವೇದಿಕೆ ಹತ್ತುವುದು ಬೇಕಿರಲಿಲ್ಲ. ಆದರೂ ಪತಿ ಜೋಯೆಲ್ ರೈಸ್ ಜೊತೆ ಜೋಡಿ ಪಿಯಾನೋ ನುಡಿಸಿದರು, ಕವಿತೆ ಬರೆದರು, ಮುಪ್ಪಿನಲ್ಲೂ ಪಿಯಾನೋ ಬಿಡಲಿಲ್ಲ.

ನಮಸ್ಕಾರ.