ಹುಡುಗರು ಹುಡುಗರನ್ನೇ ಕೊಂದಾಗ: ಜಾಫ್ನಾ, 1986

ಕೇಳುಗರೆಲ್ಲರಿಗೂ ನಮಸ್ಕಾರ.

ಶ್ರೀಲಂಕಾದ ಅಂತರ್ಯುದ್ಧ ಅಂದ ಕೂಡಲೇ ನಮಗೆ ನೆನಪಾಗುವುದು ಎರಡೇ ಪಕ್ಷ. ಒಂದು ಕಡೆ ಸರ್ಕಾರದ ಸೈನ್ಯ, ಇನ್ನೊಂದು ಕಡೆ ಎಲ್‌ಟಿಟಿಇ, ಅಂದರೆ ತಮಿಳು ಹುಲಿಗಳು. ಆದರೆ 1980ರ ದಶಕದ ಮೊದಲ ಭಾಗದಲ್ಲಿ ಅಲ್ಲಿ ಬಂದೂಕು ಹಿಡಿದವರು ಹುಲಿಗಳಷ್ಟೇ ಅಲ್ಲ. ಸಣ್ಣಪುಟ್ಟ ಗುಂಪುಗಳು ಹತ್ತಾರಿದ್ದವು. ಹೆಸರು ಮಾಡಿದ್ದು ಐದು: ಎಲ್‌ಟಿಟಿಇ, ಟೆಲೋ, ಪ್ಲಾಟ್, ಇಪಿಆರ್‌ಎಲ್‌ಎಫ್ ಮತ್ತು ಇರೋಸ್. ಐದಕ್ಕೂ ಗುರಿ ಒಂದೇ, ತಮಿಳು ಈಳಂ, ಅಂದರೆ ತಮಿಳರಿಗೊಂದು ಪ್ರತ್ಯೇಕ ದೇಶ. ಹಾಗಿದ್ದೂ ಅವರು ಒಬ್ಬರನ್ನೊಬ್ಬರು ಕೊಂದುಕೊಂಡರು. ಇವತ್ತು ಆ ಕಥೆಯನ್ನೇ ಹೇಳಬೇಕು ಅಂತ ಬಂದಿದ್ದೇನೆ. ಯಾಕೆಂದರೆ ಆ ಯುದ್ಧದ ಲೆಕ್ಕ ಹೇಳುವವರು ಈ ಸಾವುಗಳನ್ನು ಹೆಚ್ಚಾಗಿ ಬಿಟ್ಟೇಬಿಡುತ್ತಾರೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಈ ಹುಡುಗರು ಸುಮ್ನೆ ಬಂದೂಕು ಹಿಡಿಯಲಿಲ್ಲ. 1956ರಲ್ಲಿ ಸಿಂಹಳವೊಂದೇ ಆಡಳಿತ ಭಾಷೆಯಾಯಿತು. 1970ರ ದಶಕದಲ್ಲಿ ಕಾಲೇಜು ಪ್ರವೇಶಕ್ಕೆ ತಮಿಳು ವಿದ್ಯಾರ್ಥಿಗಳು ಜಾಸ್ತಿ ಅಂಕ ತೆಗೆಯಬೇಕಾಯಿತು. 1981ರಲ್ಲಿ ಉತ್ತರದ ತಮಿಳರ ನಗರ ಜಾಫ್ನಾದ ಗ್ರಂಥಾಲಯವನ್ನು ಸುಟ್ಟುಹಾಕಿದರು, ತೊಂಬತ್ತು ಸಾವಿರದಷ್ಟು ಪುಸ್ತಕಗಳ ಸಮೇತ. 1983ರ ಜುಲೈನಲ್ಲಿ ಕೊಲಂಬೊದ ಬೀದಿಗಳಲ್ಲಿ ತಮಿಳರನ್ನು ಹುಡುಕಿ ಹುಡುಕಿ ಕೊಂದರು. ವೆಲಿಕಡ ಜೈಲಿನೊಳಗೆ ತಮಿಳು ಕೈದಿಗಳ ಹತ್ಯೆಯಾಯಿತು. ಟೆಲೋ ಕಟ್ಟಿದ ತಂಗದುರೈ ಮತ್ತು ಕುಟ್ಟಿಮಣಿ ಸತ್ತಿದ್ದು ಅಲ್ಲೇ. ಅದಾದ ಮೇಲೆ ಮನೆಮನೆಯಿಂದ ಹುಡುಗರು ಎದ್ದು ಹೊರಟರು. ದೋಣಿ ಹತ್ತಿ ತಮಿಳುನಾಡಿಗೆ ಬಂದರು. ಭಾರತ ಅವರಿಗೆ ತರಬೇತಿ ಕೊಟ್ಟಿತು, ಬಂದೂಕು ಕೊಟ್ಟಿತು. ಅದೂ ಒಂದೇ ಗುಂಪಿಗಲ್ಲ, ಹಲವು ಗುಂಪುಗಳಿಗೆ. ಯಾರೊಬ್ಬರೂ ತೀರಾ ಬಲಿಯದ ಹಾಗೆ ನೋಡಿಕೊಳ್ಳುವ ಲೆಕ್ಕಾಚಾರ ದೆಹಲಿಯಲ್ಲಿ ಇತ್ತು ಅಂತಲೇ ನನ್ನ ಅನಿಸಿಕೆ.

ಊರಿನ ಜನಕ್ಕೆ ಗುಂಪಿನ ಹೆಸರು ಅಷ್ಟು ಮುಖ್ಯವಾಗಿರಲಿಲ್ಲ. ಎಲ್ಲರೂ 'ನಮ್ಮ ಹುಡುಗರು' ಅಷ್ಟೇ. ಮನೆಗಳಲ್ಲಿ ಅನ್ನದ ಪೊಟ್ಟಣ ಕಟ್ಟಿ ಕೊಡುತ್ತಿದ್ದರು. ಒಂದೇ ಬೀದಿಯಲ್ಲಿ ಒಂದು ಮನೆಯ ಮಗ ಟೆಲೋದಲ್ಲಿ, ಪಕ್ಕದ ಮನೆಯವನು ಹುಲಿಗಳಲ್ಲಿ. ಎಷ್ಟೋ ಸಲ ಯಾವ ಗುಂಪಿನ ದೋಣಿ ಮೊದಲು ಸಿಕ್ಕಿತೋ ಆ ಗುಂಪು ಸೇರಿದ್ದು. ಅಷ್ಟೇ ವ್ಯತ್ಯಾಸ.

ನಾಯಕರ ನಡುವೆ ಮಾತ್ರ ಹಗೆ ಹಳೆಯದು. ಹುಲಿಗಳ ನಾಯಕ ಪ್ರಭಾಕರನ್ ಮತ್ತು ಪ್ಲಾಟ್ ಕಟ್ಟಿದ ಉಮಾ ಮಹೇಶ್ವರನ್ ಮೊದಲು ಒಂದೇ ಸಂಘಟನೆಯಲ್ಲಿದ್ದವರು. ಬೇರೆಯಾದರು. 1982ರ ಮೇ ತಿಂಗಳಲ್ಲಿ ಮದ್ರಾಸಿನ ಪಾಂಡಿ ಬಜಾರಿನಲ್ಲಿ, ಅಷ್ಟು ಜನ ಓಡಾಡುವ ರಸ್ತೆಯಲ್ಲಿ, ಎದುರಾದ ಕೂಡಲೇ ಗುಂಡು ಹಾರಿಸಿಕೊಂಡರು. ಪೊಲೀಸರು ಹಿಡಿದರು, ಆಮೇಲೆ ಜಾಮೀನು ಸಿಕ್ಕಿತು. ಟೆಲೋ ಜೊತೆಗಿನ ಸಂಬಂಧ ಇನ್ನೂ ವಿಚಿತ್ರ. ಉಮಾ ಮಹೇಶ್ವರನ್ ಜೊತೆ ಮುನಿಸಾಗಿ ಪ್ರಭಾಕರನ್ ಒಂಟಿಯಾದಾಗ ಆಸರೆ ಕೊಟ್ಟವರು ತಂಗದುರೈ ಅವರ ಟೆಲೋದವರೇ. ಕೆಲಕಾಲ ಅವರ ಜೊತೆಯಲ್ಲೇ ಕೆಲಸ ಮಾಡಿದ್ದರು.

1985ರ ಏಪ್ರಿಲ್‌ನಲ್ಲಿ ಒಂದು ಒಪ್ಪಂದವಾಯಿತು. ಎಲ್‌ಟಿಟಿಇ, ಟೆಲೋ, ಇಪಿಆರ್‌ಎಲ್‌ಎಫ್, ಇರೋಸ್ ನಾಲ್ಕೂ ಒಂದೇ ಒಕ್ಕೂಟಕ್ಕೆ ಸೇರಿದವು. ಆಗಿನ ಒಂದು ಫೋಟೊ ಇದೆ. ಪ್ರಭಾಕರನ್, ಟೆಲೋದ ಶ್ರೀ ಸಬಾರತ್ನಂ, ಇಪಿಆರ್‌ಎಲ್‌ಎಫ್‌ನ ಪದ್ಮನಾಭ, ಇರೋಸ್‌ನ ಬಾಲಕುಮಾರ್, ನಾಲ್ವರೂ ಕೈ ಕೈ ಹಿಡಿದು ನಿಂತಿದ್ದಾರೆ. ಆ ವರ್ಷದ ಜುಲೈ, ಆಗಸ್ಟ್‌ನಲ್ಲಿ ಭೂತಾನಿನ ತಿಂಪುವಿನಲ್ಲಿ ಸರ್ಕಾರದ ಎದುರು ಕೂತು ಒಂದೇ ದನಿಯಲ್ಲಿ ಮಾತಾಡಿದರು. ಜನ ನಂಬಿದರು. ನಂಬದೆ ಏನು ಮಾಡುತ್ತಾರೆ?

ಒಂದು ವರ್ಷ ಕಳೆಯಿತು ಅಷ್ಟೇ. 1986ರ ಏಪ್ರಿಲ್ ಕೊನೆಯ ವಾರ.

ಅಷ್ಟರಲ್ಲಿ ಟೆಲೋ ಒಳಗೇ ಬಿರುಕು ಬಿಟ್ಟಿತ್ತು. ದಾಸ್ ಎಂಬ ಜನಪ್ರಿಯ ಕಮಾಂಡರನ್ನು ಅದೇ ಸಂಘಟನೆಯ ಇನ್ನೊಂದು ಬಣದವರು ಜಾಫ್ನಾ ಆಸ್ಪತ್ರೆಯಲ್ಲೇ ಗುಂಡಿಟ್ಟು ಕೊಂದಿದ್ದರು. ಜನ ಬೀದಿಗಿಳಿದು ಪ್ರತಿಭಟಿಸಿದ್ದರು. ಕಾರು, ವ್ಯಾನು ಕಿತ್ತುಕೊಳ್ಳುವುದು, ದರೋಡೆ, ಇಂಥ ದೂರುಗಳೂ ಟೆಲೋ ಮೇಲಿದ್ದವು. ಸುಳ್ಳಲ್ಲ, ಆದರೆ ಅಂಥ ದೂರು ಆಗ ಬೇರೆ ಗುಂಪುಗಳ ಮೇಲೂ ಇತ್ತು. ಹುಲಿಗಳು ಈ ಸಂದರ್ಭ ನೋಡಿ ಕೈ ಹಾಕಿದರು. ಏಪ್ರಿಲ್ 29ಕ್ಕೆ ಶುರುವಾದ ದಾಳಿ ಟೆಲೋ ಶಿಬಿರಗಳ ಮೇಲೆ ಒಂದರ ಹಿಂದೆ ಒಂದರಂತೆ ಬಿತ್ತು. ಅವರ ಮುಖ್ಯ ನೆಲೆ ಕಲ್ವಿಯಂಕಾಡು. ಹುಲಿಗಳ ಜಾಫ್ನಾ ಕಮಾಂಡರ್ ಆಗ ಕಿಟ್ಟು. ಟೆಲೋ ಹುಡುಗರಿಗೆ ಇದು ಜಗಳವೋ ಯುದ್ಧವೋ ಅಂತ ಅರ್ಥವಾಗುವುದರೊಳಗೆ ಎಲ್ಲ ಮುಗಿದಿತ್ತು.

ನನಗೆ ಇಲ್ಲಿ ಬಹಳ ಸಂಕಟವಾಗುವ ಸಂಗತಿ ಒಂದಿದೆ. ಆ ಟೆಲೋ ಹುಡುಗರಲ್ಲಿ ಹಲವರು ಪೂರ್ವದವರು, ಟ್ರಿಂಕೋಮಲಿ, ಬಟ್ಟಿಕಲೋವಾ ಕಡೆಯಿಂದ ಬಂದವರು. ಜಾಫ್ನಾದವನಾದರೆ ಅತ್ತೆಯ ಮನೆಗೋ ಚಿಕ್ಕಪ್ಪನ ಮನೆಗೋ ಓಡಿಹೋಗಬಹುದಿತ್ತು. ಇವರಿಗೆ ಆ ಊರಲ್ಲಿ ಯಾರೂ ಇಲ್ಲ. ಇನ್ನೊಂದು ಕಡೆ ಹುಲಿಗಳು ಧ್ವನಿವರ್ಧಕ ಕಟ್ಟಿಕೊಂಡು ಸಾರುತ್ತಿದ್ದರು: ಟೆಲೋದವರಿಗೆ ಯಾರೂ ಆಸರೆ ಕೊಡಬೇಡಿ. ನಿನ್ನೆಯವರೆಗೆ ಅನ್ನದ ಪೊಟ್ಟಣ ಕೊಟ್ಟ ಮನೆಯ ಬಾಗಿಲು ತಟ್ಟಿದರೆ ಒಳಗಿನವರು ಹೆದರಿ ಕೂತಿದ್ದಾರೆ. ಸಿಕ್ಕವರನ್ನು ಕೊಂದರು. ತಿರುನೆಲ್ವೇಲಿಯಂಥ ಕಡೆ ರಸ್ತೆ ಕೂಡುವ ಜಾಗದಲ್ಲಿ, ಜನರ ಕಣ್ಣೆದುರೇ ಸುಟ್ಟರು. ಮೇ 6ರಂದು ಕೊಂಡಾವಿಲ್ ಹತ್ತಿರ ಅಡಗಿದ್ದ ಶ್ರೀ ಸಬಾರತ್ನಂ ಸಿಕ್ಕಿಬಿದ್ದರು. ಅಲ್ಲೇ ಗುಂಡಿಟ್ಟರು. ಫೋಟೊದಲ್ಲಿ ಕೈ ಹಿಡಿದವರಲ್ಲಿ ಒಬ್ಬರು ಹೋದರು. ಒಟ್ಟು ಎಷ್ಟು ಹುಡುಗರು ಸತ್ತರು ಅನ್ನುವುದಕ್ಕೆ ನೂರಕ್ಕೂ ಹೆಚ್ಚು ಅನ್ನುವವರಿದ್ದಾರೆ, ನಾನೂರರ ತನಕ ಹೇಳುವವರೂ ಇದ್ದಾರೆ. ಪಟ್ಟಿ ಮಾಡಿದವರು ಯಾರು?

ಇದೆಲ್ಲ ನಡೆಯುವಾಗ ಸರ್ಕಾರದ ಸೈನ್ಯ ಎಲ್ಲಿತ್ತು ಗೊತ್ತಾ? ಅದೇ ಊರಿನ ಡಚ್ಚರ ಕಾಲದ ಕೋಟೆಯೊಳಗೆ. ಹೊರಗೆ ಬರಲಾಗದಂತೆ ಅದನ್ನು ಸುತ್ತುಗಟ್ಟಿ ಕಾಯುತ್ತಿದ್ದವರು ಇದೇ ಗುಂಪುಗಳ ಹುಡುಗರು.

ಟೆಲೋ ಮುಗಿದ ಮೇಲೆ ಉಳಿದವರ ಸರದಿ. ಪ್ಲಾಟ್ ಬೆದರಿಕೆಗೆ ಮಣಿದು ತಾನೇ ಬಾಗಿಲು ಹಾಕಿತು. ಆ ಸಂಘಟನೆ ತಂಜಾವೂರು ಕಡೆಯ ತನ್ನ ಶಿಬಿರಗಳಲ್ಲಿ ತನ್ನದೇ ಹುಡುಗರನ್ನು ಹಿಂಸಿಸಿ ಕೊಂದಿತ್ತು, ಅದನ್ನೂ ಮುಚ್ಚಿಡಬಾರದು. 1986ರ ಡಿಸೆಂಬರ್‌ನಲ್ಲಿ ಇಪಿಆರ್‌ಎಲ್‌ಎಫ್ ಮೇಲೆ ದಾಳಿಯಾಯಿತು. ಮರುವರ್ಷ ಮಾರ್ಚ್‌ನಲ್ಲಿ ಯಾರೋ ಗ್ರೆನೇಡ್ ಎಸೆದು ಕಿಟ್ಟು ಒಂದು ಕಾಲು ಕಳೆದುಕೊಂಡರು. ಆ ಸಿಟ್ಟನ್ನು ತೀರಿಸಿಕೊಂಡಿದ್ದು ಯಾರ ಮೇಲೆ? ಸೆರೆಯಲ್ಲಿದ್ದ, ಕೈಯಲ್ಲಿ ಏನೂ ಇಲ್ಲದ ಹುಡುಗರ ಮೇಲೆ. ಕಂದನ್ ಕರುಣೈ ಎಂಬ ಕಟ್ಟಡದಲ್ಲಿ ಕೂಡಿಹಾಕಿದ್ದ ಐವತ್ತಕ್ಕೂ ಹೆಚ್ಚು ಕೈದಿಗಳನ್ನು ಗುಂಡಿಟ್ಟು ಕೊಂದರು. ಇರೋಸ್ ಒಂದೇ ಬಹುಮಟ್ಟಿಗೆ ಪಾರಾಯಿತು. ಅದು ಹುಲಿಗಳ ತಂಟೆಗೆ ಹೋಗಲಿಲ್ಲ.

ಇದಕ್ಕೆಲ್ಲ ಕಾರಣ ಸಿದ್ಧಾಂತದ ಜಗಳ ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಇದು ಆಸ್ತಿಗಾಗಿ ನಡೆಯುವ ದಾಯಾದಿ ಜಗಳದ ಹಾಗೆ. ತಮಿಳರ ಪರವಾಗಿ ಮಾತಾಡುವವರು ಯಾರು, ಜನರಿಂದ ತೆರಿಗೆ ಎತ್ತುವವರು ಯಾರು, ವಿದೇಶದಲ್ಲಿರುವ ತಮಿಳರ ಹಣ ಯಾರಿಗೆ ಬರಬೇಕು, ದೆಹಲಿ ಯಾರ ಮಾತು ಕೇಳಬೇಕು, ಪ್ರಶ್ನೆ ಇದು. ಹುಲಿಗಳ ಉತ್ತರ 'ನಾವೊಬ್ಬರೇ' ಅಂತ. ಅದನ್ನು ಒಪ್ಪದವನಿಗೆ ದ್ರೋಹಿ ಅನ್ನುವ ಹಣೆಪಟ್ಟಿ. ಆ ಪಟ್ಟಿ ಮೊದಲು ಬಂದೂಕು ಹಿಡಿದವರಿಗೆ ಬಿತ್ತು, ಆಮೇಲೆ ಬರೀ ಪೆನ್ನು ಹಿಡಿದವರಿಗೂ ಬಿತ್ತು. ಜಾಫ್ನಾ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗದಲ್ಲಿ ರಜನಿ ತಿರಣಗಾಮ ಅಂತ ಒಬ್ಬ ಪ್ರಾಧ್ಯಾಪಕಿ ಇದ್ದರು. ಒಂದು ಕಾಲಕ್ಕೆ ಗಾಯಗೊಂಡ ಹುಲಿಗಳಿಗೆ ಚಿಕಿತ್ಸೆ ಕೊಟ್ಟಿದ್ದ ಡಾಕ್ಟರು. ಆಮೇಲೆ ಸಹೋದ್ಯೋಗಿಗಳ ಜೊತೆ ಸೇರಿ ಎಲ್ಲರ ಹಿಂಸೆಯನ್ನೂ ದಾಖಲಿಸತೊಡಗಿದರು. ಶ್ರೀಲಂಕಾ ಸೈನ್ಯದ್ದು, 1987ರಲ್ಲಿ ಅಲ್ಲಿಗೆ ಹೋದ ಭಾರತದ ಶಾಂತಿಪಾಲನಾ ಪಡೆಯದ್ದು, ಹುಲಿಗಳದ್ದು, ಯಾರನ್ನೂ ಬಿಡಲಿಲ್ಲ. 1989ರ ಸೆಪ್ಟೆಂಬರ್ 21ರಂದು ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದಾಗ ಅವರನ್ನು ಗುಂಡಿಟ್ಟು ಕೊಂದರು. ವಯಸ್ಸು 35. ಎರಡು ಹೆಣ್ಣುಮಕ್ಕಳಿದ್ದರು. ಕೊಂದವರು ಹುಲಿಗಳೇ ಅಂತ ಅವರ ಜೊತೆಗಿದ್ದವರು ಬಹಿರಂಗವಾಗಿ ಹೇಳಿದ್ದಾರೆ.

ಈ ಹಗೆ ನಮ್ಮ ಮನೆಬಾಗಿಲಿಗೂ ಬಂತು. 1990ರ ಜೂನ್ 19ರಂದು ಮದ್ರಾಸಿನ ಕೋಡಂಬಾಕ್ಕಂನಲ್ಲಿ ಪದ್ಮನಾಭ ಮತ್ತು ಅವರ ಹಲವು ಸಂಗಾತಿಗಳನ್ನು ಕೊಂದರು. ಫೋಟೊದಲ್ಲಿದ್ದ ಇನ್ನೊಬ್ಬರೂ ಹೋದರು. ಆ ದಾಳಿಯ ಮುಂದಾಳು ಹುಲಿಗಳ ಶಿವರಾಸನ್. ಅವನೇ ಮರುವರ್ಷ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆಯ ಹಿಂದಿದ್ದವನು. ಅಲ್ಲಿಂದ ತಪ್ಪಿಸಿಕೊಂಡು ಬೆಂಗಳೂರಿಗೆ ಬಂದ. ಕೋಣನಕುಂಟೆಯ ಬಾಡಿಗೆ ಮನೆಯೊಂದರಲ್ಲಿ ಅಡಗಿದ್ದವನನ್ನು ಕಮಾಂಡೊಗಳು ಸುತ್ತುವರಿದರು. ಆಗಸ್ಟ್ 20ರ ಬೆಳಗ್ಗೆ ಒಳಗೆ ಹೋದಾಗ ಸಿಕ್ಕಿದ್ದು ಏಳು ಹೆಣ. ಆಗ ಬೆಂಗಳೂರಿನಲ್ಲಿದ್ದ ಹಿರಿಯರಿಗೆ ಇದು ಚೆನ್ನಾಗಿ ನೆನಪಿರುತ್ತದೆ, ಅಲ್ವಾ? ಆದರೆ ಆ ಮನೆಗೆ ಬಂದು ಮುಟ್ಟಿದ ದಾರಿ ಕೋಡಂಬಾಕ್ಕಂ ಮೂಲಕ ಬಂದಿತ್ತು ಅನ್ನುವುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಎದುರಾಳಿಗಳೆಲ್ಲ ಮುಗಿದ ಮೇಲಾದರೂ ಇದು ನಿಂತಿತೇ? ಇಲ್ಲ. 1994ರ ಕೊನೆಯಲ್ಲಿ ಹುಲಿಗಳು ತಮ್ಮದೇ ಎರಡನೇ ನಾಯಕ ಮಹತ್ತಯನನ್ನು ದ್ರೋಹದ ಆರೋಪದ ಮೇಲೆ ಕೊಂದರು. 2004ರ ಮಾರ್ಚ್‌ನಲ್ಲಿ ಪೂರ್ವದ ಕಮಾಂಡರ್ ಕರುಣಾ ಸಿಡಿದು ಬೇರೆಯಾದ. ಸಾಯುವುದಕ್ಕೆ ನಮ್ಮ ಪೂರ್ವದ ಮಕ್ಕಳು, ಅಧಿಕಾರಕ್ಕೆ ಉತ್ತರದವರು ಅನ್ನುವುದು ಅವನ ದೂರು. ಏಪ್ರಿಲ್ 2ರ ಚುನಾವಣೆಯಲ್ಲಿ ತಮಿಳು ಮೈತ್ರಿಕೂಟ ಹುಲಿಗಳೇ ತಮಿಳರ ಏಕೈಕ ಪ್ರತಿನಿಧಿ ಎಂದು ಸಾರಿ ಮತ ಕೇಳಿ 22 ಸ್ಥಾನ ಗೆದ್ದಿತು. ಆ ಕೂಟದಲ್ಲಿ ಟೆಲೋ ಕೂಡ ಇತ್ತು! ಹದಿನೆಂಟು ವರ್ಷದ ಹಿಂದೆ ಬೀದಿಯಲ್ಲಿ ಸುಟ್ಟುಹೋದ ಹುಡುಗರ ಸಂಘಟನೆ.

ಅದಾಗಿ ಒಂದು ವಾರಕ್ಕೆ, ಏಪ್ರಿಲ್ 9ರಂದು, ಹುಲಿಗಳು ವೆರುಗಲ್ ನದಿ ದಾಟಿ ಕರುಣಾನ ಪಡೆಯ ಮೇಲೆ ಬಿದ್ದರು. ಎರಡೂ ಕಡೆ ಒಂದೇ ಸಮವಸ್ತ್ರ, ಒಂದೇ ತರಬೇತಿ. ಕೆಲವೇ ದಿನಗಳಲ್ಲಿ ಕರುಣಾ ಪಡೆಯನ್ನು ಚದುರಿಸಿ ಓಡಿಹೋದ. ಅವನ ಪಡೆಯಲ್ಲಿದ್ದ ಸಾವಿರಕ್ಕೂ ಹೆಚ್ಚು ಮಕ್ಕಳು ಮನೆಗೆ ಬಂದರು. ಹದಿನೆಂಟು ತುಂಬದ ಹುಡುಗರು, ಹುಡುಗಿಯರು. ಹುಲಿಗಳು ಮತ್ತೆ ಅವರನ್ನು ಕರೆದೊಯ್ಯಲು ಊರೂರಿಗೆ ಬಂದಾಗ ಬಟ್ಟಿಕಲೋವಾ ಕಡೆಯ ಎಷ್ಟೋ ತಾಯಂದಿರು ಈ ಸಲ ಕಳಿಸುವುದಿಲ್ಲ ಅಂತ ಎದುರು ನಿಂತರು. ಮಕ್ಕಳನ್ನು ಬಚ್ಚಿಟ್ಟರು, ದೂರ ಕಳಿಸಿದರು. ಕೆಲವರು ಉಳಿಸಿಕೊಂಡರು. ಎಲ್ಲರಿಗೂ ಆಗಲಿಲ್ಲ.

ನಮಸ್ಕಾರ.