ಒಂದಡಿ ಬಿಟ್ಟು ಕಡಿದ ಗಿಡ

(ಚಿಕ್ಕಮಗಳೂರಿನಲ್ಲಿ ಹಿರಿಯ ನಾಗರಿಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸ)

ಹಿರಿಯರೇ, ಗೆಳತಿಯರೇ, ಅಜ್ಜ ಅಜ್ಜಿಯರ ಕೈಹಿಡಿದು ಬಂದಿರುವ ಮಕ್ಕಳೇ,

ನನಗೆ 72 ತುಂಬಿದೆ. "ನೋಡಿದರೆ ಹಾಗೆ ಕಾಣುವುದಿಲ್ಲ" ಎಂದು ಯಾರಾದರೂ ಹೇಳಿದರೆ ನನಗೆ ಸಂತೋಷವಾಗುವುದಿಲ್ಲ. ವಯಸ್ಸು ಕಾಣಲಿ. ಮನಸ್ಸು ಎಳೆಯದಾಗಿರುವುದಕ್ಕೂ ವಯಸ್ಸನ್ನು ಮುಚ್ಚಿಡುವುದಕ್ಕೂ ಸಂಬಂಧವೇ ಇಲ್ಲ. ಇದನ್ನು ನನಗೆ ಕಲಿಸಿದ್ದು ಕಾಫಿ ಗಿಡ.

ನಮ್ಮ ತೋಟದ ಇಳಿಜಾರಿನಲ್ಲಿ ನನ್ನ ಮಾವನವರು ನೆಟ್ಟ ಅರೇಬಿಕಾ ಸಾಲೊಂದಿತ್ತು. ಕಾಂಡವೆಲ್ಲ ಗಂಟು ಗಂಟು, ಮೈತುಂಬ ಪಾಚಿ, ತುದಿಯಲ್ಲಿ ಮಾತ್ರ ನಾಲ್ಕು ಎಲೆ. ಐದು ವರ್ಷದ ಹಿಂದೆ ಅವನ್ನು ಕೀಳಿಸಲು ಹೊರಟೆ. ನಾನು ಸೊಸೆಯಾಗಿ ಬರುವ ಮೊದಲಿನಿಂದಲೂ ತೋಟದಲ್ಲಿ ದುಡಿದ ಅಜ್ಜಿಯೊಬ್ಬರು ತಡೆದರು. "ಬುಡ ಗಟ್ಟಿಯಾಗಿದೆ ಅಮ್ಮಾ, ಒಂದಡಿ ಬಿಟ್ಟು ಕಡಿಸಿ" ಎಂದರು.

ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಿದ್ದ ಮೇಲೆ, ನೀರು ನಿಲ್ಲದಂತೆ ಓರೆಯಾಗಿ ಕೊಯ್ಯಿಸಿ, ಗಾಯಕ್ಕೆ ಮೈಲುತುತ್ತ ಸುಣ್ಣ ಕಲಸಿ ಬಳಿಸಿದೆ. ಸಾಲಿಗೆ ಸಾಲೇ ಬೋಳಾದುದನ್ನು ನೋಡಿ ಆ ರಾತ್ರಿ ಊಟ ಸೇರಲಿಲ್ಲ. ಕೆಲವು ವಾರಗಳಲ್ಲಿ ಬೊಡ್ಡೆಯ ಸುತ್ತ ಚಿಗುರು ಒಡೆದವು. ಅಜ್ಜಿ ಪ್ರತಿ ಬುಡದ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಒಂದೊಂದನ್ನೂ ಬೆರಳಿನಿಂದ ಅಲುಗಾಡಿಸಿ ನೋಡಿ, ಗಟ್ಟಿಯಾದ ಎರಡನ್ನು ಉಳಿಸಿ ಮಿಕ್ಕವನ್ನು ಮುರಿದರು. ಮೂರನೆಯ ವರ್ಷ ಆ ಸಾಲಿನಲ್ಲಿ ಹಣ್ಣು ಕೊಯ್ದೆವು. ಹೊಸ ಸಸಿಗೆ ಇಲ್ಲದ ಬೇರು ಆ ಬುಡಕ್ಕಿತ್ತು.

ಆ ಗಿಡದಂತೆ ಮತ್ತೆ ಚಿಗುರಲು ನಮ್ಮೊಳಗೆ ನಾವು ಕಡಿಯಬೇಕಾದದ್ದು ಏನು? ಮೊದಲು, "ನಮ್ಮ ಕಾಲದಲ್ಲಿ" ಎಂಬ ಮಾತು. ಉಸಿರಾಡುತ್ತಿರುವ ಈ ಕಾಲವೂ ನಮ್ಮದೇ ಅಲ್ಲವೇ? ನನಗೆ ತುಂಬಾ ಕಷ್ಟವಾದದ್ದು ತೋಟದ ಲೆಕ್ಕದ ಪುಸ್ತಕವನ್ನು ಮಗನ ಕೈಗೆ ಕೊಡುವುದು. ಕೊಟ್ಟ ಮೇಲೂ ತಿಂಗಳುಗಟ್ಟಲೆ ಕದ್ದು ತಿರುವಿ ನೋಡುತ್ತಿದ್ದೆ. ಅದು ಬಿಟ್ಟಾಗ ಸಂಜೆಗಳು ನನ್ನವಾದವು. ಹಕ್ಕಿಗಳ ಕೂಗನ್ನು ಮೊಬೈಲಿನಲ್ಲಿ ಹಿಡಿಯುವುದನ್ನು ಮೊಮ್ಮಗಳು ಕಲಿಸಿದಳು. ಮಳೆಗಾಲದ ನಸುಕಿನಲ್ಲಿ ಹಳ್ಳದ ಕಡೆಯಿಂದ ಹುಡುಗನೊಬ್ಬ ಸಿಳ್ಳೆ ಹಾಕಿದಂತೆ ಕೇಳುತ್ತದಲ್ಲ, ಅದು ಸಿಳ್ಳಾರ ಹಕ್ಕಿ. ಜೀವಮಾನವಿಡೀ ಕೇಳಿದ ದನಿಗೆ ಹೆಸರು ಸಿಕ್ಕಿದ್ದು ನನ್ನ 69ನೇ ವಯಸ್ಸಿನಲ್ಲಿ! ಆ ದಿನದ ಖುಷಿಯನ್ನು ನಿಮಗೆ ಹೇಗೆ ಹೇಳಲಿ?

ಇನ್ನು ದೇಹದ ಮಾತು. ಮಂಡಿನೋವನ್ನು ಮನಸ್ಸಿನಿಂದಲೇ ಗೆಲ್ಲಬಹುದೆಂದು ನಾನು ಹೇಳಲಾರೆ. ಆದರೆ ಸ್ನಾಯುಗಳ ಬಲ ಯಾವ ವಯಸ್ಸಿನಲ್ಲೂ ಮರಳಿ ಬರಬಲ್ಲದು. 90ರ ಆಸುಪಾಸಿನವರಲ್ಲೂ ಭಾರ ಎತ್ತುವ ವ್ಯಾಯಾಮದಿಂದ ಕಾಲಿನ ಶಕ್ತಿ ಹೆಚ್ಚಿದ್ದನ್ನು ಅಮೆರಿಕದ ವೈದ್ಯರು 1990ರಲ್ಲೇ ತೋರಿಸಿದ್ದಾರೆ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ, ಮೂರು ದಿನ ಸಮತೋಲನದ ಅಭ್ಯಾಸ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಮೆರಿಕದ ಓಹಿಯೋದಲ್ಲಿ 50 ದಾಟಿದ 660 ಜನರನ್ನು ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇಟ್ಟುಕೊಂಡವರು ಉಳಿದವರಿಗಿಂತ ಸುಮಾರು 7.5 ವರ್ಷ ಹೆಚ್ಚು ಬದುಕಿದ್ದರು. ಹಾಗಿರುವಾಗ "ಊರು ಹೋಗು ಅನ್ನುತ್ತದೆ, ಕಾಡು ಬಾ ಅನ್ನುತ್ತದೆ" ಎಂದು ನಮಗೆ ನಾವೇ ದಿನಕ್ಕೆ ನಾಲ್ಕು ಸಲ ಹೇಳಿಕೊಳ್ಳುವುದು ಏಕೆ?

ಈ ಬೇಸಿಗೆಯಲ್ಲಿ ಪಕ್ಕದ ಸಾಲನ್ನೂ ಕಡಿಸುತ್ತಿದ್ದೇನೆ. ಚಿಗುರು ಆರಿಸುವ ದಿನ ಬರುತ್ತೇನೆಂದು ಅಜ್ಜಿ ಹೇಳಿದ್ದಾರೆ. ಕುಕ್ಕರಗಾಲಲ್ಲಿ ಕೂರಲು ಈಗ ಅವರಿಗೆ ಆಗುವುದಿಲ್ಲ, ಮಣೆ ಒಯ್ದು ಇಡುತ್ತೇನೆ. ನೋಡಬೇಕೆನ್ನುವವರು ಬನ್ನಿ, ಕಾಫಿ ನಮ್ಮ ಮನೆಯಲ್ಲೇ.