ಚಮಚದ ಬೆನ್ನ ಮೇಲಿನ ಗೆರೆ

ಕೇಳುಗರಿಗೆ ನಮಸ್ಕಾರ.

ನಿನ್ನೆ ರಾತ್ರಿ ಮತ್ತೆ ಅದೇ ಟೊಮೆಟೊ ಸಾಸ್ ಮಾಡಿದೆ. ಈ ತಿಂಗಳಲ್ಲಿ ಇದು ನಾಲ್ಕನೇ ಸಲ. ಮನೆಯಲ್ಲಿ ಯಾರೂ ಗೊಣಗಲಿಲ್ಲ. ಗೊಣಗಲು ಬಾಯಿ ಖಾಲಿ ಇರಬೇಕು, ಅಲ್ವಾ?

ಅದಕ್ಕೆ ಬೇಕಾದದ್ದು ನಾಲ್ಕೇ ಸಾಮಾನು. ಚೆನ್ನಾಗಿ ಹಣ್ಣಾದ ಟೊಮೆಟೊ ಮುಕ್ಕಾಲು ಕಿಲೋ, ಬೆಣ್ಣೆ ಸುಮಾರು 70 ಗ್ರಾಂ, ಒಂದು ಈರುಳ್ಳಿ, ಉಪ್ಪು. ಟೊಮೆಟೊವನ್ನು ಒಂದು ನಿಮಿಷ ಕುದಿಯುವ ನೀರಿಗೆ ಹಾಕಿ ತೆಗೆದರೆ ಸಿಪ್ಪೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಈರುಳ್ಳಿಯನ್ನು ಹೆಚ್ಚುವ ಕೆಲಸವೂ ಇಲ್ಲ. ಸುಲಿದು ಎರಡು ಹೋಳು ಮಾಡಿ ಹಾಗೇ ಹಾಕಿಬಿಡಿ. ಸಣ್ಣ ಉರಿ, ಮುಚ್ಚಳ ಬೇಡ, ಮುಕ್ಕಾಲು ಗಂಟೆ. ಆಗಾಗ ಮರದ ಸೌಟಿನಿಂದ ಹಣ್ಣನ್ನು ಹಿಸುಕುತ್ತಿದ್ದರೆ ಸಾಕು. ಕೊನೆಗೆ ಈರುಳ್ಳಿ ಹೋಳುಗಳನ್ನು ಎತ್ತಿ ಪಕ್ಕಕ್ಕಿಡಬೇಕು.

ಇದು ಇಟಲಿಯ ಕಡೆಯ ಅಡುಗೆ. ಬೆಳ್ಳುಳ್ಳಿ ಇಲ್ಲ, ಸೊಪ್ಪಿಲ್ಲ, ಮೆಣಸಿಲ್ಲ. ಮೊದಲ ಸಲ ನನಗೆ ನಂಬಿಕೆ ಬರಲಿಲ್ಲ. ಇರಲಿ ಅಂತ ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿದೆ. ತಿನ್ನುವಾಗ ಬೆಳ್ಳುಳ್ಳಿ ಒಂದೇ ಮಾತಾಡುತ್ತಿತ್ತು, ಉಳಿದವರೆಲ್ಲ ಸುಮ್ಮನಿದ್ದರು. ಎರಡನೇ ಸಲ ಹಾಕಲಿಲ್ಲ. ಆಗ ಗೊತ್ತಾಯಿತು, ಟೊಮೆಟೊದ ಹುಳಿ ಚುಚ್ಚದಂತೆ ಬೆಣ್ಣೆ ನೋಡಿಕೊಳ್ಳುತ್ತದೆ, ಈರುಳ್ಳಿ ಸದ್ದಿಲ್ಲದೆ ಸಿಹಿ ಬಿಡುತ್ತದೆ.

ಮುಕ್ಕಾಲು ಗಂಟೆ ಅಂದೆ. ಆದರೆ ಗಡಿಯಾರ ನೋಡಿ ಕೂರಬೇಡಿ, ಗುಳ್ಳೆ ನೋಡಿ. ಶುರುವಿನಲ್ಲಿ ಗುಳ್ಳೆಗಳು ಸಣ್ಣಗಿರುತ್ತವೆ, ಎದ್ದ ಕೂಡಲೇ ಒಡೆಯುತ್ತವೆ. ಅಂದರೆ ನೀರು ಇನ್ನೂ ಜಾಸ್ತಿ ಇದೆ. ನೀರು ಆರುತ್ತಾ ಬಂದ ಹಾಗೆ ಗುಳ್ಳೆ ದಪ್ಪವಾಗುತ್ತದೆ, ಸೋಮಾರಿಯಾಗುತ್ತದೆ. ಬುಳಕ್ ಅಂತ ಒಂದು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಪಾತ್ರೆಯ ಅಂಚಿನಲ್ಲಿ ಬೆಣ್ಣೆ ಕಿತ್ತಳೆ ಬಣ್ಣಕ್ಕೆ ತಿರುಗಿ ಬೇರೆಯಾಗಿ ನಿಲ್ಲುತ್ತದೆ. ಅದೇ ಹದ. ಸಾಸ್ ಮಾಡುವುದರಲ್ಲಿ ನನಗೆ ಇಷ್ಟವಾದದ್ದೇ ಇದು. ಇಲ್ಲಿ ಎಲ್ಲವೂ ಹದದ ಮೇಲೆ ನಿಂತಿದೆ. ಆ ಹದ ಬರುವುದನ್ನು ಕಣ್ಣಾರೆ ನೋಡಬಹುದು, ಕಿವಿಯಲ್ಲೂ ಕೇಳಬಹುದು.

ಬೀಜದ ಸುತ್ತ ಇರುವ ಲೋಳೆಯನ್ನು ತೆಗೆದು ಎಸೆಯಿರಿ ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಎಸೆಯಬೇಡಿ. 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಎಂಬ ರಸಾಯನ ವಿಜ್ಞಾನಿ ಕಡಲ ಪಾಚಿಯ ಸಾರಿನಿಂದ ಗ್ಲುಟಮೇಟ್ ಎಂಬ ಅಂಶವನ್ನು ಬೇರ್ಪಡಿಸಿ, ಅದು ಕೊಡುವ ತುಂಬು ರುಚಿಗೆ ಉಮಾಮಿ ಅಂತ ಹೆಸರಿಟ್ಟರು. ಟೊಮೆಟೊದಲ್ಲಿ ಆ ಗ್ಲುಟಮೇಟ್ ತಿರುಳಿಗಿಂತ ಲೋಳೆಯಲ್ಲೇ ಜಾಸ್ತಿ. ಬೀಜ ಹಲ್ಲಿಗೆ ಸಿಕ್ಕರೆ ಕಿರಿಕಿರಿ ಅನ್ನುವವರು ಜರಡಿಯಲ್ಲಿ ಸೋಸಿಕೊಳ್ಳಲಿ. ಲೋಳೆ ಮಾತ್ರ ಪಾತ್ರೆಯಲ್ಲೇ ಉಳಿಯಲಿ.

ಉಪ್ಪು ಕೊನೆಗೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಮೊದಲೇ ಸರಿಯಾಗಿ ಹಾಕಿದ್ದು ಅರ್ಧ ಗಂಟೆಯಲ್ಲಿ ಜಾಸ್ತಿಯಾಗಿರುತ್ತದೆ. ಅಂದಹಾಗೆ, ಸಾಸ್ ಅನ್ನುವ ಪದ ಬಂದದ್ದೇ ಉಪ್ಪಿನಿಂದ. ಲ್ಯಾಟಿನ್ ಭಾಷೆಯ ಸಲ್ಸಾ ಅಂದರೆ ಉಪ್ಪು ಹಾಕಿದ್ದು ಅಂತ ಅರ್ಥ.

ಇನ್ನು ಬಿಳಿ ಸಾಸ್. ಫ್ರೆಂಚರು ಇದನ್ನು ಬೆಶಮೆಲ್ ಅನ್ನುತ್ತಾರೆ. ಕೆಲವು ಸಾಸುಗಳನ್ನು ಅವರು ತಾಯಿ ಸಾಸ್ ಅಂತ ಎಣಿಸುತ್ತಾರೆ. ಉಳಿದ ಎಷ್ಟೋ ಸಾಸುಗಳು ಅವುಗಳ ಮಕ್ಕಳು, ಮೊಮ್ಮಕ್ಕಳು. ಬೆಶಮೆಲ್ ಆ ತಾಯಂದಿರಲ್ಲಿ ಒಂದು. ಇದಕ್ಕೆ ಚೀಸ್ ತುರಿದು ಹಾಕಿದರೆ ಮೊರ್ನೇ ಸಾಸ್, ಅಷ್ಟೇ.

ನನ್ನ ಮೊದಲ ಬಿಳಿ ಸಾಸಿನಲ್ಲಿ ಗಂಟುಗಳಿದ್ದವು. ಕಡಲೆ ಗಾತ್ರದವು. ಮನೆಗೆ ಬಂದಿದ್ದ ನೆಂಟರೊಬ್ಬರು ಅವನ್ನು ಪನೀರ್ ಅಂದುಕೊಂಡು ಚೆನ್ನಾಗಿದೆ ಅಂದರು. ನಾನು ತಿದ್ದಲಿಲ್ಲ. ಆಗಿದ್ದೇನು ಅಂದರೆ, ಬಿಸಿ ಹಾಲಿಗೆ ಒಣ ಮೈದಾ ಸುರಿದಿದ್ದೆ. ಬಿಸಿ ತಗಲಿದ ಕೂಡಲೇ ಮುದ್ದೆಯ ಹೊರಮೈ ಅಂಟಾಗಿ ಬಾಗಿಲು ಹಾಕಿಕೊಳ್ಳುತ್ತದೆ. ಒಳಗಿನ ಹಿಟ್ಟು ಒಣಗಿಯೇ ಉಳಿಯುತ್ತದೆ. ಆಮೇಲೆ ಎಷ್ಟು ತಿರುವಿದರೂ ಕೈ ನೋವು ಬರುತ್ತದೆಯೇ ಹೊರತು ಗಂಟು ಕರಗುವುದಿಲ್ಲ.

ಅದಕ್ಕೇ ಮೊದಲು ಬೆಣ್ಣೆ. 2 ಟೇಬಲ್ ಚಮಚ ಬೆಣ್ಣೆ ಕರಗಿಸಿ, ಅಷ್ಟೇ ಮೈದಾ ಹಾಕಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಕೈಯಾಡಿಸಿ. ಬಣ್ಣ ತಿರುಗಬಾರದು, ಹಸಿ ಹಿಟ್ಟಿನ ವಾಸನೆ ಹೋಗಬೇಕು. ಈಗ ಹಿಟ್ಟಿನ ಕಣಕಣಕ್ಕೂ ಬೆಣ್ಣೆ ಸವರಿಕೊಂಡಿದೆ, ಒಂದಕ್ಕೊಂದು ಅಂಟುವುದಿಲ್ಲ. ಒಂದು ಕಪ್ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ತಿರುವಿ. ಮೊದಲ ಸ್ವಲ್ಪ ಹಾಲಿಗೆ ಅದು ಗಟ್ಟಿ ಮುದ್ದೆಯಾಗುತ್ತದೆ. ಅಯ್ಯೋ ಕೆಟ್ಟಿತು ಅನ್ನಿಸುತ್ತದೆ. ಕೆಟ್ಟಿಲ್ಲ, ಹಾಕುತ್ತಾ ಹೋಗಿ. ಎಲ್ಲ ಹಾಲು ಸೇರಿದ ಮೇಲೆ ಐದಾರು ನಿಮಿಷ ಸಣ್ಣಗೆ ಕುದಿಯಲಿ. ಉಪ್ಪು, ಒಂದಿಷ್ಟು ಜಾಯಿಕಾಯಿ ತುರಿ.

ಆಯಿತೋ ಇಲ್ಲವೋ ಅಂತ ತಿಳಿಯಲು ಚಮಚವನ್ನು ಅದ್ದಿ ಮೇಲೆತ್ತಿ. ಅದರ ಬೆನ್ನ ಮೇಲೆ ಬೆರಳಿನಿಂದ ಒಂದು ಗೆರೆ ಎಳೆಯಿರಿ. ಗೆರೆಯ ಎರಡು ದಡ ಮತ್ತೆ ಕೂಡಿಕೊಂಡರೆ ಇನ್ನೂ ತೆಳು. ಗೆರೆ ಹಾಗೇ ನಿಂತರೆ ಒಲೆ ಆರಿಸಿ. ಆರಿದ ಮೇಲೆ ಅದು ಇನ್ನೂ ಗಟ್ಟಿಯಾಗುತ್ತದೆ, ಹಾಗಾಗಿ ಸ್ವಲ್ಪ ತೆಳುವಿರುವಾಗಲೇ ಇಳಿಸುವುದು ಜಾಣತನ.

ಎದೆ ಡವಡವ ಅನ್ನಿಸುವ ಸಾಸ್ ಅಂದರೆ ಮೇಯನೇಸ್. ಒಂದು ಮೊಟ್ಟೆಯ ಹಳದಿ, ಒಂದು ಚಮಚ ನಿಂಬೆರಸ, ಸ್ವಲ್ಪ ಅರೆದ ಸಾಸಿವೆ, ಚಿಟಿಕೆ ಉಪ್ಪು. ಅದಕ್ಕೆ 150 ಮಿಲಿಲೀಟರ್ ಎಣ್ಣೆ. ಎಣ್ಣೆ, ನೀರು ಕೂಡುವುದಿಲ್ಲ ಅಂತ ನಾವೆಲ್ಲ ಓದಿದ್ದೇವೆ. ಹಳದಿಯಲ್ಲಿ ಲೆಸಿಥಿನ್ ಅಂತ ಒಂದಿದೆ. ಅದು ಒಂದು ಕೈಯಲ್ಲಿ ನೀರನ್ನು, ಇನ್ನೊಂದು ಕೈಯಲ್ಲಿ ಎಣ್ಣೆಯನ್ನು ಹಿಡಿದುಕೊಂಡು ಇಬ್ಬರನ್ನೂ ಒಂದೇ ಮನೆಯಲ್ಲಿ ಇರಿಸುತ್ತದೆ. ಆದರೆ ಅವಸರ ಮಾಡಬಾರದು. ಮೊದಲ ನಾಲ್ಕೈದು ಚಮಚ ಎಣ್ಣೆ ಹನಿಹನಿಯಾಗಿಯೇ ಬೀಳಬೇಕು. ಒಂದು ಕೈ ಕಡೆಯುತ್ತಿರಬೇಕು, ಇನ್ನೊಂದು ಕೈ ಹನಿಸುತ್ತಿರಬೇಕು. ಒಮ್ಮೆ ದಪ್ಪಗಾಗಿ ಹೊಳಪು ಬಂದ ಮೇಲೆ ಸಣ್ಣ ಧಾರೆ ಬಿಡಬಹುದು.

ಒಂದು ದಿನ ಫೋನ್ ಬಂತು. ನಾನು ಎಣ್ಣೆಯನ್ನು ಗಳಕ್ ಅಂತ ಸುರಿದೆ. ಹಾಲು ಒಡೆದ ಹಾಗೆ ಒಡೆಯಿತು. ಕೆಳಗೆ ಹಳದಿ ಚೂರು, ಮೇಲೆ ಎಣ್ಣೆ. ಆ ದಿನ ಚೆಲ್ಲಿದೆ. ಚೆಲ್ಲಬೇಕಾಗಿರಲಿಲ್ಲ ಅಂತ ಆಮೇಲೆ ತಿಳಿಯಿತು. ಬೇರೆ ಬಟ್ಟಲಿಗೆ ಹೊಸದೊಂದು ಹಳದಿ ಹಾಕಿಕೊಂಡು, ಒಡೆದದ್ದನ್ನೇ ಎಣ್ಣೆ ಅಂತ ತಿಳಿದು ಹನಿಹನಿಯಾಗಿ ಕಡೆದರೆ ಮತ್ತೆ ಕೂಡಿಕೊಳ್ಳುತ್ತದೆ. ಘಾಟು ಜಾಸ್ತಿ ಇರುವ ಆಲಿವ್ ಎಣ್ಣೆಯನ್ನು ಮಿಕ್ಸಿಯಲ್ಲಿ ಜೋರಾಗಿ ತಿರುಗಿಸಿದರೆ ಕಹಿಯಾಗುತ್ತದೆ, ಅದು ಬೇಡ.

ಇಲ್ಲಿ ಒಂದು ಎಚ್ಚರಿಕೆ. ಇದು ಹಸಿ ಮೊಟ್ಟೆ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಇದೆ. ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ಪಾಶ್ಚರೀಕರಿಸಿದ ಮೊಟ್ಟೆ ಸಿಕ್ಕರೆ ಮಾತ್ರ ಮಾಡಿ. ಇಲ್ಲವಾದರೆ ಮೊಟ್ಟೆ ಬಿಟ್ಟು ಸೋಯಾ ಹಾಲಿನಲ್ಲಿ ಮಾಡಿ. ಒಂದು ಪಾಲು ಹಾಲಿಗೆ ಎರಡು ಪಾಲು ಎಣ್ಣೆ. ಅದೂ ಚೆನ್ನಾಗಿಯೇ ಕೂಡುತ್ತದೆ. ನಿಜ ಹೇಳಬೇಕೆಂದರೆ ಈಗೀಗ ನಾನು ಮಾಡುವುದು ಅದನ್ನೇ.

ಪೆಸ್ಟೊ ಬಗ್ಗೆ ಎರಡೇ ಮಾತು. ಇಟಾಲಿಯನ್ ಭಾಷೆಯಲ್ಲಿ ಆ ಹೆಸರಿನ ಅರ್ಥ ಕುಟ್ಟಿದ್ದು ಅಂತ. ತುಳಸಿಯ ಜಾತಿಯ ಬೇಸಿಲ್ ಸೊಪ್ಪು, ಬೆಳ್ಳುಳ್ಳಿ, ಪೈನ್ ಬೀಜ, ಚೀಸ್, ಆಲಿವ್ ಎಣ್ಣೆ. ಕುಟ್ಟಿದರೆ ಪರಿಮಳ ಚೆನ್ನಾಗಿ ಬಿಡುತ್ತದೆ, ಆದರೆ ನನಗೆ ಅಷ್ಟು ತಾಳ್ಮೆ ಇಲ್ಲ. ಮಿಕ್ಸಿಯಲ್ಲೇ ಬಿಟ್ಟು ಬಿಟ್ಟು ತಿರುಗಿಸುತ್ತೇನೆ. ಬಿಸಿಯಾದರೆ ಸೊಪ್ಪು ಕಪ್ಪಾಗುತ್ತದೆ. ಮೇಲೆ ಒಂದು ಪದರ ಎಣ್ಣೆ ಸುರಿದಿಟ್ಟರೆ ಗಾಳಿ ತಾಗದೆ ಹಸಿರು ಉಳಿಯುತ್ತದೆ. ಹಸಿ ಬೆಳ್ಳುಳ್ಳಿ ಎಣ್ಣೆಯಲ್ಲಿ ಮುಳುಗಿರುವ ಯಾವುದನ್ನೂ ಹೊರಗಿಡಬೇಡಿ. ಬಾಟುಲಿಸಂ ಎಂಬ ಜೀವಕ್ಕೇ ಕುತ್ತು ತರಬಲ್ಲ ಕಾಯಿಲೆಯ, ಗಾಳಿಯಿಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾಗೆ ಅದು ಹೇಳಿ ಮಾಡಿಸಿದ ಜಾಗ. ಫ್ರಿಜ್ಜಿನಲ್ಲಿಡಿ, ಮೂರ್ನಾಲ್ಕು ದಿನದಲ್ಲಿ ಮುಗಿಸಿ. ಜಾಸ್ತಿ ಉಳಿದರೆ ಐಸ್ ಟ್ರೇಗೆ ಸುರಿದು ಹೆಪ್ಪುಗಟ್ಟಿಸಿ. ಟೊಮೆಟೊ ಸಾಸನ್ನೂ ಹೀಗೇ ಇಡಬಹುದು. ಮೇಯನೇಸನ್ನು ಮಾತ್ರ ಇಡಬೇಡಿ, ಕರಗುವಾಗ ಒಡೆದುಹೋಗುತ್ತದೆ.

ಮರೆತಿದ್ದೆ. ಟೊಮೆಟೊ ಸಾಸಿನಿಂದ ಎತ್ತಿಟ್ಟ ಆ ಈರುಳ್ಳಿ. ಬೆಣ್ಣೆ, ಟೊಮೆಟೊ ಎರಡನ್ನೂ ಹೀರಿಕೊಂಡು ಮುಟ್ಟಿದರೆ ಕರಗುವಷ್ಟು ಮೆತ್ತಗಾಗಿರುತ್ತದೆ. ಎರಡು ಹೋಳು ಅಲ್ವಾ? ಒಂದನ್ನು ಬ್ರೆಡ್ಡಿನ ಮೇಲಿಟ್ಟುಕೊಂಡು ನಾನು ಒಲೆಯ ಪಕ್ಕದಲ್ಲೇ ನಿಂತು ತಿನ್ನುತ್ತೇನೆ. ಇನ್ನೊಂದು, ಆ ದಿನ ಪಾತ್ರೆ ತೊಳೆಯಲು ಒಪ್ಪಿದವರಿಗೆ.

ನಮಸ್ಕಾರ.